ಗಣಕಕ್ಕೆ ಇಳಿದ ಇಂಗ್ಲಿಷ್ ನಿಘಂಟು: ಗುರುತುಗಳ ದೋಷವೂ ತಿದ್ದುಪಡಿಯೂ

ಇತಿಹಾಸದ ಅಭ್ಯಾಸಿಗೆ ನಿಘಂಟು ಕೇವಲ ಅರ್ಥ ತಿಳಿಸುವ ಕೈಪಿಡಿಯಲ್ಲ, ಅದೊಂದು ಆಕರ. ಒಂದು ಶಬ್ದ ಯಾವ ಕಾಲದಲ್ಲಿ ಬಳಕೆಗೆ ಬಂದಿತು, ಯಾವ ಗ್ರಂಥಕಾರನು ಅದನ್ನು ಯಾವ ಅರ್ಥದಲ್ಲಿ ಪ್ರಯೋಗಿಸಿದನು, ಯಾವಾಗ ಅದು ಬಳಕೆ ತಪ್ಪಿತು ಎಂಬ ಪ್ರಶ್ನೆಗಳು ಬಂದಾಗಲೆಲ್ಲ ನಾವು ನಿಘಂಟನ್ನೇ ಸಾಕ್ಷಿಯಾಗಿ ಕರೆಯುತ್ತೇವೆ. ಶಾಸನವನ್ನಾಗಲಿ ಹಸ್ತಪ್ರತಿಯನ್ನಾಗಲಿ ಪ್ರಮಾಣವೆಂದು ಸ್ವೀಕರಿಸುವ ಮುನ್ನ ಅದರ ಶುದ್ಧಾಶುದ್ಧತೆಯನ್ನು ಪರೀಕ್ಷಿಸುವ ನಾವು, ನಿಘಂಟಿನ ವಿಷಯದಲ್ಲಿ ಮಾತ್ರ ಅಂತಹ ಪರೀಕ್ಷೆಯನ್ನು ನಡೆಸುವುದು ವಿರಳ. ಕಳೆದ ನಾಲ್ಕು ದಶಕಗಳಲ್ಲಿ ಇಂಗ್ಲಿಷಿನ ದೊಡ್ಡ ನಿಘಂಟುಗಳು ಒಂದೊಂದಾಗಿ ಕಾಗದದಿಂದ ಗಣಕಯಂತ್ರಕ್ಕೆ ಇಳಿದಿವೆ. ಹಾಗೆ ಇಳಿಯುವಾಗ ಅವುಗಳಲ್ಲಿ ಹೊಸ ಬಗೆಯ ದೋಷಗಳು ಸೇರಿಕೊಂಡಿವೆ. ಈ ದೋಷಗಳು ಕಾಗುಣಿತದವಲ್ಲ. ಮಾರ್ಕಪ್ ಎಂದು ಕರೆಯಲ್ಪಡುವ, ಪಠ್ಯದ ಒಳಗೆ ಅಡಗಿರುವ ಗುರುತುಗಳವು. ಇವುಗಳ ಸ್ವರೂಪವೇನು, ಇವನ್ನು ತಿದ್ದುವ ಕೆಲಸ ಯಾವ ಜಾತಿಯದು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಇದು ಗುಮಾಸ್ತರ ಕೆಲಸವೆಂದೂ ಯಂತ್ರಜ್ಞರ ಕೆಲಸವೆಂದೂ ವಿದ್ವಾಂಸರಲ್ಲಿ ಒಂದು ಭಾವನೆಯಿದೆ. ಆ ಭಾವನೆಯನ್ನು ನಾವು ಒಪ್ಪುವುದಿಲ್ಲ.

ಮೊದಲು ಅಚ್ಚಾದ ನಿಘಂಟಿನ ಪುಟವೊಂದನ್ನು ನೋಡಬೇಕು. ಶೀರ್ಷಪದ ದಪ್ಪ ಮೊಳೆಯಲ್ಲಿರುತ್ತದೆ. ಅದರ ಬಳಿಯಲ್ಲಿ ಕಂಸದೊಳಗೆ ಉಚ್ಚಾರಣೆ. ಬಳಿಕ ಓರೆ ಅಕ್ಷರದಲ್ಲಿ ನಾಮಪದ, ಕ್ರಿಯಾಪದ ಮುಂತಾದ ವ್ಯಾಕರಣದ ಸೂಚನೆ. ಚೌಕ ಕಂಸದಲ್ಲಿ ವ್ಯುತ್ಪತ್ತಿ. ಅಂಕಿಗಳ ಕ್ರಮದಲ್ಲಿ ಅರ್ಥಗಳು. ಚಿಕ್ಕ ಮೊಳೆಯಲ್ಲಿ ಗ್ರಂಥಕಾರರ ಪ್ರಯೋಗಗಳು. ‘ಇದು ವ್ಯುತ್ಪತ್ತಿ’, ‘ಇದು ಪ್ರಯೋಗ’ ಎಂದು ಪುಟದಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ಮೊಳೆಯ ಆಕಾರ, ಕಂಸದ ರೂಪ, ಸಾಲಿನ ಅಂಚು ಇವೇ ಆ ಮಾತನ್ನು ಹೇಳುತ್ತವೆ. ಓದುಗನ ಕಣ್ಣು ಅಭ್ಯಾಸಬಲದಿಂದ ಅದನ್ನು ಗ್ರಹಿಸುತ್ತದೆ. ಒಂದೇ ರೂಪ ಎರಡು ಮೂರು ಕೆಲಸಗಳನ್ನು ಮಾಡುವುದೂ ಉಂಟು. ಆಕ್ಸ್‌ಫರ್ಡ್ ನಿಘಂಟಿನಲ್ಲಿ ಚಿಕ್ಕ ಗಾತ್ರದ ದೊಡ್ಡಕ್ಷರಗಳು ಒಂದೆಡೆ ಪ್ರಯೋಗದ ಕರ್ತೃವಿನ ಹೆಸರನ್ನು ಸೂಚಿಸಿದರೆ, ಇನ್ನೊಂದೆಡೆ ಬೇರೊಂದು ಶಬ್ದವನ್ನು ನೋಡಿರೆಂಬ ಸೂಚನೆಯಾಗಿ ನಿಲ್ಲುತ್ತವೆ. ಓರೆ ಅಕ್ಷರವಂತೂ ವ್ಯಾಕರಣ ಸೂಚನೆಗೂ, ಪರಭಾಷೆಯ ಮೂಲರೂಪಕ್ಕೂ, ಗ್ರಂಥದ ಹೆಸರಿಗೂ ಸಮಾನವಾಗಿ ಬಳಕೆಯಾಗಿದೆ. ಮನುಷ್ಯನಿಗೆ ಇದರಿಂದ ತೊಡಕಿಲ್ಲ; ಸಂದರ್ಭ ಅವನ ಕೈಹಿಡಿಯುತ್ತದೆ. ಯಂತ್ರಕ್ಕೆ ಸಂದರ್ಭವಿಲ್ಲ. ಆದಕಾರಣ ಮೊಳೆಯು ಮೌನವಾಗಿ ಹೇಳುತ್ತಿದ್ದುದನ್ನು ಯಂತ್ರಕ್ಕೆ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಶೀರ್ಷಪದದ ಹಿಂದೆ ಒಂದು ತೆರೆಯುವ ಗುರುತು, ಮುಂದೆ ಒಂದು ಮುಚ್ಚುವ ಗುರುತು; ಅರ್ಥಕ್ಕೆ ಇನ್ನೊಂದು ಜೋಡಿ; ಪ್ರಯೋಗಕ್ಕೆ ಮತ್ತೊಂದು. ಗುರುತು ತಪ್ಪಿದರೆ ಅಕ್ಷರ ಒಂದೂ ತಪ್ಪದಿದ್ದರೂ ನಿಘಂಟು ಸುಳ್ಳು ಹೇಳುತ್ತದೆ. ಈ ವಿಶೇಷವನ್ನು ವಾಚಕರು ಗಮನದಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಇಂತಹ ಸುಳ್ಳು ಗಣಕಯಂತ್ರದೊಡನೆಯೇ ಹುಟ್ಟಿತೆಂದು ಭಾವಿಸಲಾಗದು. ಇಂಗ್ಲಿಷ್ ಕೋಶಗಳ ಇತಿಹಾಸದಲ್ಲಿ ಇದಕ್ಕೆ ಹಳೆಯ ನಿದರ್ಶನಗಳಿವೆ. ಎಂದೂ ಯಾರ ಬಾಯಲ್ಲಿಯೂ ಇಲ್ಲದೆ, ಅಚ್ಚಿನ ಅಥವಾ ಬರಹದ ತಪ್ಪಿನಿಂದಲೇ ಕೋಶಗಳೊಳಗೆ ನುಸುಳಿದ ಶಬ್ದಗಳನ್ನು ವಿದ್ವಾಂಸನಾದ ವಾಲ್ಟರ್ ಸ್ಕೀಟ್ 1886ರಲ್ಲಿ ಲಂಡನ್ನಿನ ಭಾಷಾಶಾಸ್ತ್ರ ಸಂಘದ ಮುಂದೆ ‘ಪ್ರೇತಶಬ್ದ’ಗಳೆಂದು ಕರೆದನು. ಅವನು ಕೊಟ್ಟ ಉದಾಹರಣೆಗಳಲ್ಲಿ ಒಂದು ನಮ್ಮ ದೇಶಕ್ಕೆ ಸಂಬಂಧಿಸಿದ್ದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಎಡಿನ್‌ಬರೊ ರಿವ್ಯೂ ಪತ್ರಿಕೆಯಲ್ಲಿ ಹಿಂದೂಗಳ ಉಗ್ರ ವ್ರತಗಳನ್ನು ವರ್ಣಿಸುತ್ತ, ಕೆಲವರು ಕೈಗಳಲ್ಲಿ ‘ಕೈಮ್ಸ್’ಗಳನ್ನು ತೂರಿಸಿಕೊಳ್ಳುವರೆಂದು ಅಚ್ಚಾಯಿತು. ಚೂರಿಗಳೆಂಬ ಅರ್ಥದ ‘ನೈವ್ಸ್’ ಎಂಬ ಪದವನ್ನು ಮೊಳೆ ಜೋಡಿಸುವವನು ತಪ್ಪಾಗಿ ಓದಿದ್ದನಷ್ಟೆ. ಆದರೆ ಓದುಗರು ಅದನ್ನು ಭಾರತದ ಯಾವುದೋ ಭಯಂಕರ ಆಯುಧವೆಂದು ನಂಬುವುದಕ್ಕೆ ಅಡ್ಡಿಯಿರಲಿಲ್ಲ. ಆ ಪದ ಕೆಲಕಾಲ ಚಲಾವಣೆಯಲ್ಲಿಯೂ ಇದ್ದಿತು. ನಮ್ಮ ವಿಷಯದಲ್ಲಿ ಪಾಶ್ಚಾತ್ಯರು ಏನನ್ನು ಬೇಕಾದರೂ ನಂಬುತ್ತಿದ್ದ ಕಾಲ ಅದು.

ಇದು ಅಕ್ಷರದ ದೋಷ. ಗುರುತಿನ ದೋಷಕ್ಕೆ ಇದಕ್ಕಿಂತ ಸಮೀಪವಾದ ಉದಾಹರಣೆ ಬೇರೆಯಿದೆ. ಅಲೆಗ್ಸಾಂಡರ್ ಪೋಪ್ ಕವಿಯು ತನ್ನ ಒಡಿಸ್ಸಿಯ ಅನುವಾದದಲ್ಲಿ ಮೃತರ ಲೋಕವನ್ನು ವರ್ಣಿಸುವಾಗ ‘ಫ್ಯಾಂಟಮ್’, ‘ನೇಷನ್’ ಎಂಬ ಎರಡು ಪದಗಳನ್ನು ಅಡ್ಡಗೆರೆಯಿಂದ ಜೋಡಿಸಿ, ಪ್ರೇತಜನಾಂಗಗಳೆಂಬ ಅರ್ಥದ ಸಮಾಸವೊಂದನ್ನು ಬಳಸಿದ್ದನು. 1820ರಲ್ಲಿ ರಿಚರ್ಡ್ ಪಾಲ್ ಜಾಡ್ರೆಲ್ ಎಂಬಾತನು ತನ್ನ ಗ್ರಂಥದಲ್ಲಿ ಸಮಾಸಗಳನ್ನೆಲ್ಲ ಅಡ್ಡಗೆರೆಯಿಲ್ಲದೆ ಕೂಡಿಸಿ ಬರೆಯುವ ಪದ್ಧತಿಯನ್ನು ಅನುಸರಿಸಿದನು. ಗೆರೆ ಹೋಯಿತು, ‘ಫ್ಯಾಂಟಮ್‌ನೇಷನ್’ ಎಂದಾಯಿತು. ಅದರ ಕೊನೆಯಲ್ಲಿ ಭಾವನಾಮದ ಪ್ರತ್ಯಯವಿದೆಯೆಂದು ಭ್ರಮಿಸಿದ ಮುಂದಿನ ಕೋಶಕಾರರು ಅದಕ್ಕೆ ಭ್ರಾಂತಿ, ಮಾಯೆ ಎಂಬ ಅರ್ಥವನ್ನು ಕಲ್ಪಿಸಿದರು. 1860ರ ವೂಸ್ಟರನ ನಿಘಂಟಿನಲ್ಲಿಯೂ 1864ರ ವೆಬ್‌ಸ್ಟರ್ ನಿಘಂಟಿನಲ್ಲಿಯೂ ಆ ಪದ ಪೋಪನ ಹೆಸರಿನೊಡನೆ ಸ್ಥಾನ ಪಡೆಯಿತು. ಕವಿ ಬರೆಯದ ಶಬ್ದಕ್ಕೆ ಕವಿಯೇ ಸಾಕ್ಷಿ! ಇಲ್ಲಿ ಅಕ್ಷರಗಳೆಲ್ಲ ಸರಿಯಾಗಿವೆ. ಕಳೆದುಹೋದುದು ಎರಡು ಪದಗಳ ಗಡಿಯನ್ನು ತೋರುವ ಒಂದು ಸಣ್ಣ ಗೆರೆ ಮಾತ್ರ.

ಮೂರನೆಯ ಉದಾಹರಣೆ ಇನ್ನೂ ಸ್ಪಷ್ಟವಾದುದು. 1931ರ ಜುಲೈ 31ರಂದು ವೆಬ್‌ಸ್ಟರ್ ನಿಘಂಟಿನ ರಸಾಯನಶಾಸ್ತ್ರ ಸಂಪಾದಕರಾದ ಆಸ್ಟಿನ್ ಪ್ಯಾಟರ್ಸನ್ ಒಂದು ಚೀಟಿಯನ್ನು ಕಳುಹಿಸಿದರು. ಸಾಂದ್ರತೆ ಎಂಬುದರ ಸಂಕ್ಷೇಪವಾಗಿ ದೊಡ್ಡ ‘ಡಿ’ ಅಕ್ಷರವನ್ನು ಅಥವಾ ಸಣ್ಣ ‘ಡಿ’ ಅಕ್ಷರವನ್ನು ಬಳಸಬಹುದೆಂಬುದು ಅದರ ತಾತ್ಪರ್ಯ. ‘ಅಥವಾ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ಆರ್’ ಎಂಬ ಎರಡಕ್ಷರದ ಪದವಿದೆಯಷ್ಟೆ. ಚೀಟಿ ಸಂಕ್ಷೇಪಗಳ ಕಟ್ಟಿಗೆ ಹೋಗದೆ ಪದಗಳ ಕಟ್ಟಿಗೆ ಹೋಯಿತು. ಅಕ್ಷರಗಳ ನಡುವಣ ತೆರವನ್ನು ಗಮನಿಸದೆ ಎಲ್ಲವನ್ನೂ ಕೂಡಿಸಿ ಓದಿದ್ದರಿಂದ ‘ಡಾರ್ಡ್’ ಎಂಬ ಹೊಸ ನಾಮಪದ ಹುಟ್ಟಿತು. 1934ರ ಎರಡನೆಯ ಆವೃತ್ತಿಯಲ್ಲಿ ಅದು ಉಚ್ಚಾರಣೆಯ ಸಮೇತ ಅಚ್ಚಾಯಿತು. 1939ರ ಫೆಬ್ರವರಿಯಲ್ಲಿ ಸಂಪಾದಕರೊಬ್ಬರು ಈ ಪದಕ್ಕೆ ವ್ಯುತ್ಪತ್ತಿಯಿಲ್ಲದಿರುವುದನ್ನು ಕಂಡು ಅನುಮಾನಪಟ್ಟು ಚೀಟಿಯ ಮೂಲವನ್ನು ಹುಡುಕಿದಾಗ ಗುಟ್ಟು ಹೊರಬಿದ್ದಿತು. ಈ ಪ್ರಸಂಗವನ್ನು ಸಾಮಾನ್ಯವಾಗಿ ವಿನೋದಕ್ಕಾಗಿ ಹೇಳುತ್ತಾರೆ. ನಮಗೆ ಇದರಲ್ಲಿ ಮುಖ್ಯವಾಗಿ ತೋರುವುದು ಬೇರೆ: ತಪ್ಪು ನಡೆದುದು ಬರವಣಿಗೆಯಲ್ಲಿ ಅಲ್ಲ, ವರ್ಗೀಕರಣದಲ್ಲಿ, ಅದು ಸಿಕ್ಕಿಬಿದ್ದುದು ಪದದಿಂದಲ್ಲ, ಪದದ ಬಳಿ ಇರಬೇಕಾಗಿದ್ದ ಅಂಗವೊಂದು ಖಾಲಿಯಾಗಿದ್ದುದರಿಂದ. ಗಣಕದ ಯುಗದಲ್ಲಿ ಗುರುತುಗಳನ್ನು ತಿದ್ದುವವರು ಅನುಸರಿಸುವ ವಿಧಾನದ ಬೀಜ ಇಲ್ಲಿಯೇ ಇದೆ.

ಗುರುತುಗಳ ಶಾಸ್ತ್ರ ಬೆಳೆದು ಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1969ರಲ್ಲಿ ಐಬಿಎಂ ಸಂಸ್ಥೆಯ ಗೋಲ್ಡ್‌ಫಾರ್ಬ್, ಮೋಷರ್, ಲೋರಿ ಎಂಬ ಮೂವರು ಪಠ್ಯದ ರೂಪವನ್ನಲ್ಲದೆ ಅದರ ಭಾಗಗಳ ಸ್ವರೂಪವನ್ನು ಹೆಸರಿಸುವ ಗುರುತುಗಳ ಪದ್ಧತಿಯೊಂದನ್ನು ರೂಪಿಸಿದರು. 1986ರಲ್ಲಿ ಅದರ ವಿಸ್ತೃತ ರೂಪ ಅಂತರರಾಷ್ಟ್ರೀಯ ಮಾನಕವಾಯಿತು. 1987ರಲ್ಲಿ ವಿದ್ವಾಂಸರು ಅಮೆರಿಕದ ವ್ಯಾಸಾರ್ ಕಾಲೇಜಿನಲ್ಲಿ ಸೇರಿ ಪ್ರಾಚೀನ ಮತ್ತು ಆಧುನಿಕ ಗ್ರಂಥಗಳಿಗೆ ಒಗ್ಗುವ ಗುರುತುಗಳ ನಿಯಮಾವಳಿಯನ್ನು ಸಿದ್ಧಪಡಿಸಲು ಆರಂಭಿಸಿದರು; ಅದರಲ್ಲಿ ನಿಘಂಟುಗಳಿಗಾಗಿಯೇ ಒಂದು ಅಧ್ಯಾಯವಿದೆ.

ಇದೇ ಕಾಲದಲ್ಲಿ ಆಕ್ಸ್‌ಫರ್ಡಿನ ಮಹತ್ಕಾರ್ಯ ನಡೆಯಿತು. 1884ರಿಂದ 1928ರವರೆಗೆ ಬಿಡಿಬಿಡಿಯಾಗಿ ಪ್ರಕಟವಾಗಿದ್ದ ಆಕ್ಸ್‌ಫರ್ಡ್ ನಿಘಂಟನ್ನೂ ಬರ್ಚ್‌ಫೀಲ್ಡ್ ಸಂಪಾದಿಸಿದ ನಾಲ್ಕು ಅನುಬಂಧ ಸಂಪುಟಗಳನ್ನೂ ಒಂದಾಗಿ ಬೆಸೆಯಲು 1984ರಲ್ಲಿ ಯೋಜನೆ ಆರಂಭವಾಯಿತು. ಅಮೆರಿಕದ ಪೆನ್ಸಿಲ್ವೇನಿಯದ ಒಂದು ಸಂಸ್ಥೆಯಲ್ಲಿ 120ಕ್ಕೂ ಹೆಚ್ಚು ಮಂದಿ ಬೆರಳಚ್ಚುಗಾರರು ಸುಮಾರು 35 ಕೋಟಿ ಅಕ್ಷರಚಿಹ್ನೆಗಳನ್ನು ಕೈಯಿಂದಲೇ ಒತ್ತಿದರು. ಇಂಗ್ಲೆಂಡಿನಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಕರಡನ್ನು ಓದಿದರು. ಅಕ್ಷರಗಳೊಡನೆ ಗುರುತುಗಳನ್ನೂ ಒತ್ತಬೇಕಾಗಿದ್ದಿತು. ಹಾಗೆ ಒತ್ತಿದ ಗುರುತುಗಳು ಬಹುಮಟ್ಟಿಗೆ ಅಚ್ಚಿನ ರೂಪವನ್ನು ಅನುಸರಿಸಿದಂಥವು. ಅವನ್ನು ಅರ್ಥ, ವ್ಯುತ್ಪತ್ತಿ, ಪ್ರಯೋಗ ಎಂಬ ಭಾಗಸೂಚಕ ಗುರುತುಗಳಾಗಿ ಪರಿವರ್ತಿಸುವ ಕಾರ್ಯದಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾನಿಲಯದ ಗ್ಯಾಸ್ಟನ್ ಗೊನೆ ಮತ್ತು ಫ್ರ್ಯಾಂಕ್ ಟಾಂಪಾ ಅವರ ತಂಡ ನೆರವಾಯಿತು. ನಿಘಂಟಿಗೂ ಒಂದು ವ್ಯಾಕರಣವಿದೆಯೆಂಬುದು ಆ ತಂಡದ ಮೂಲಭೂತ ಕಲ್ಪನೆ. ವಾಕ್ಯದಲ್ಲಿ ಕರ್ತೃ ಕರ್ಮ ಕ್ರಿಯೆಗಳಿಗೆ ಒಂದು ಕ್ರಮವಿರುವಂತೆ, ನಿಘಂಟಿನ ಒಂದೊಂದು ಉಲ್ಲೇಖದಲ್ಲಿಯೂ ಶೀರ್ಷಪದ, ಉಚ್ಚಾರಣೆ, ವ್ಯುತ್ಪತ್ತಿ, ಅರ್ಥ, ಪ್ರಯೋಗಗಳಿಗೆ ಒಂದು ಅನ್ವಯವಿರುತ್ತದೆ. ಆ ಅನ್ವಯವನ್ನು ಯಂತ್ರಕ್ಕೆ ಕಲಿಸಿದರೆ, ಅದಕ್ಕೆ ಒಗ್ಗದ ಸ್ಥಳಗಳು ತಾವಾಗಿಯೇ ಎದ್ದು ಕಾಣುತ್ತವೆ. ಎದ್ದು ಕಂಡ ಸ್ಥಳದಲ್ಲಿ ತಪ್ಪು ಬೆರಳಚ್ಚುಗಾರನದೋ, ಹಳೆಯ ಮುದ್ರಣದ್ದೋ, ಅಥವಾ ನಿಯಮವೇ ಸಾಲದೋ ಎಂಬುದನ್ನು ಮಾತ್ರ ಯಂತ್ರ ಹೇಳಲಾರದು. ಅದನ್ನು ಹೇಳಬೇಕಾದವನು ಮನುಷ್ಯ. ಐದು ವರ್ಷಗಳ ಶ್ರಮದ ಫಲವಾಗಿ 1989ರಲ್ಲಿ ಎರಡನೆಯ ಆವೃತ್ತಿ 20 ಸಂಪುಟಗಳಲ್ಲಿ, ಸುಮಾರು 24 ಲಕ್ಷ ಪ್ರಯೋಗಗಳೊಡನೆ ಹೊರಬಂದಿತು.

ಆಕ್ಸ್‌ಫರ್ಡಿಗೆ ಧನಬಲವಿತ್ತು, ಜನಬಲವಿತ್ತು. ಇವೆರಡೂ ಇಲ್ಲದೆ ಗಣಕಕ್ಕೆ ಇಳಿದ ಇನ್ನೊಂದು ನಿಘಂಟಿನ ಕಥೆಯೇ ನಮ್ಮ ಚರ್ಚೆಗೆ ಹೆಚ್ಚು ಉಪಯುಕ್ತವಾದುದು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ಮೆರಿಯಮ್ ಸಂಸ್ಥೆ ಪ್ರಕಟಿಸಿದ 1913ರ ವೆಬ್‌ಸ್ಟರ್ ಬೃಹನ್ನಿಘಂಟಿನ ಗ್ರಂಥಸ್ವಾಮ್ಯ ಮುಗಿದುಹೋಗಿದ್ದುದರಿಂದ, ನ್ಯೂಜೆರ್ಸಿಯ ಮೈಕ್ರಾ ಎಂಬ ಪುಟ್ಟ ಸಂಸ್ಥೆಯ ಪ್ಯಾಟ್ರಿಕ್ ಕ್ಯಾಸಿಡಿ ಅವರು ಅದನ್ನು ಗಣಕರೂಪಕ್ಕೆ ತಂದರು. 1996ರಲ್ಲಿ ಅದು ಗುಟೆನ್‌ಬರ್ಗ್ ಯೋಜನೆಯ ಮೂಲಕ ಸರ್ವರಿಗೂ ಉಚಿತವಾಗಿ ದೊರೆಯಿತು. ಮುಂದೆ ಅದಕ್ಕೆ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ವರ್ಡ್‌ನೆಟ್ ಎಂಬ ಕೋಶದಿಂದ ಆಧುನಿಕ ಅರ್ಥಗಳನ್ನು ಸೇರಿಸಿ, ಸ್ವಯಂಸೇವಕರ ನೆರವಿನಿಂದ ಬೆಳೆಸಲಾಯಿತು. ಗ್ನೂ ಯೋಜನೆಯ ಆಶ್ರಯದಲ್ಲಿ ಅದು ಸಹಕಾರಿ ಅಂತರರಾಷ್ಟ್ರೀಯ ಇಂಗ್ಲಿಷ್ ನಿಘಂಟು ಎಂಬ ಹೆಸರಿನಿಂದ ನಡೆದುಬಂದಿದೆ. ನಮ್ಮ ವಿದ್ಯಾರ್ಥಿಗಳ ದೂರವಾಣಿಗಳಲ್ಲಿ ಉಚಿತವಾಗಿ ದೊರೆಯುವ ಹಲವು ಇಂಗ್ಲಿಷ್ ಶಬ್ದಕೋಶಗಳ ಹಿಂದೆ ಇರುವುದು ಈ ವೆಬ್‌ಸ್ಟರನೇ. ತಾವು ನೋಡುತ್ತಿರುವುದು ಶತಮಾನಕ್ಕೂ ಹಳೆಯ ಗ್ರಂಥವೆಂಬುದನ್ನು ಅವರಲ್ಲಿ ಬಹುಮಂದಿ ಅರಿಯರು.

ಈ ಪಠ್ಯದ ಗುರುತುಗಳಲ್ಲಿ ಕೆಲವನ್ನು ವಿವರವಾಗಿ ನೋಡಬೇಕು. ಹಳೆಯ ಗಣಕಗಳಲ್ಲಿ ಬೇಕಾದ ಅಕ್ಷರಚಿಹ್ನೆಗಳು ಇರಲಿಲ್ಲವಾದ್ದರಿಂದ ಶೀರ್ಷಪದದ ಒಳಗೆ ಉಚ್ಚಾರಾಂಶಗಳನ್ನು ಬೇರ್ಪಡಿಸಲು ನಕ್ಷತ್ರಚಿಹ್ನೆಯನ್ನೂ, ಪ್ರಧಾನ ಸ್ವರಾಘಾತವನ್ನು ಸೂಚಿಸಲು ಜೋಡಿ ಉದ್ಧರಣಚಿಹ್ನೆಯನ್ನೂ ಬಳಸಲಾಯಿತು. ಅಂದರೆ ಪದದ ನಡುವೆ ಬಂದರೆ ಆ ಚಿಹ್ನೆ ಆಘಾತ. ವಾಕ್ಯದಲ್ಲಿ ಬಂದರೆ ಬೇರೊಬ್ಬರ ಮಾತಿನ ಆರಂಭ. ಉದ್ಧರಣಚಿಹ್ನೆಗಳನ್ನೆಲ್ಲ ಸುಂದರವಾದ ಬಾಗುಚಿಹ್ನೆಗಳನ್ನಾಗಿ ಮಾಡೋಣವೆಂದು ಯಾರಾದರೂ ಒಂದೇ ಆಜ್ಞೆಯಿಂದ ಕಡತವನ್ನೆಲ್ಲ ಬದಲಿಸಿದರೆ ಸಾವಿರಾರು ಪದಗಳ ಸ್ವರಾಘಾತ ಒಂದು ಕ್ಷಣದಲ್ಲಿ ಅಳಿದುಹೋಗುತ್ತದೆ. ಓಲೆಗರಿಯ ಲಿಪಿಕಾರ ಒಂದು ಗರಿಯಲ್ಲಿ ಒಂದು ತಪ್ಪು ಮಾಡುತ್ತಿದ್ದನು. ಗಣಕದ ಲಿಪಿಕಾರನಿಗೆ ಆ ಮಿತಿಯಿಲ್ಲ.

ಇದಕ್ಕಿಂತ ಗಂಭೀರವಾದುದು ಕರ್ತೃಗಳ ಹೆಸರಿನ ಪ್ರಶ್ನೆ. ವೆಬ್‌ಸ್ಟರ್ ನಿಘಂಟಿನಲ್ಲಿ ಒಂದು ಅರ್ಥನಿರೂಪಣೆಯ ಕೊನೆಯಲ್ಲಿ ಶೇಕ್ಸ್‌ಪಿಯರ್, ಚಾಸರ್, ಮಿಲ್ಟನ್ ಮುಂತಾದ ಹೆಸರುಗಳು ಬರುತ್ತವೆ. ಕೆಲವೆಡೆ ಆ ಹೆಸರಿನ ಹಿಂದೆ ಆ ಕವಿಯ ಸಾಲು ಇರುತ್ತದೆ. ಆಗ ಆ ಹೆಸರು ಸಾಲಿನ ಕರ್ತೃವನ್ನು ತಿಳಿಸುತ್ತದೆ. ಇನ್ನು ಕೆಲವೆಡೆ ಸಾಲೇ ಇರುವುದಿಲ್ಲ. ಸಂಪಾದಕರ ಅರ್ಥವಾಕ್ಯದ ನಂತರ ಹೆಸರು ಮಾತ್ರ ನಿಂತಿರುತ್ತದೆ. ಈ ಅರ್ಥದಲ್ಲಿ ಪದವನ್ನು ಬಳಸಿದವನು ಇಂತಹ ಕವಿ ಎಂಬುದು ಅದರ ಭಾವ. ಈ ಎರಡಕ್ಕೂ ಗಣಕಪಠ್ಯದಲ್ಲಿ ಬೇರೆಬೇರೆ ಗುರುತುಗಳಿವೆ; ಗುರುತಿನ ಹೆಸರಿನಲ್ಲಿ ಒಂದಕ್ಷರ ಮಾತ್ರ ವ್ಯತ್ಯಾಸ. ಅದು ಅದಲುಬದಲಾದರೆ ಪರದೆಯ ಮೇಲೆ ಏನೂ ವ್ಯತ್ಯಾಸ ಕಾಣದೆ ಹೋಗಬಹುದು. ಎರಡೂ ಒಂದೇ ಓರೆ ಅಕ್ಷರದಲ್ಲಿ ಮೂಡಬಹುದು. ಆದರೆ ಶೇಕ್ಸ್‌ಪಿಯರನ ವಾಕ್ಯಗಳು ಈ ನಿಘಂಟಿನಲ್ಲಿ ಎಷ್ಟಿವೆಯೆಂದು ಒಬ್ಬ ವಿದ್ಯಾರ್ಥಿ ಯಂತ್ರದ ಮೂಲಕ ಎಣಿಸಲು ಹೊರಟನೆನ್ನೋಣ. ಗುರುತು ತಪ್ಪಿದ ಪ್ರತಿಯೊಂದು ಸ್ಥಳದಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಸಂಪಾದಕನ ಗದ್ಯ ಹದಿನಾರನೆಯ ಶತಮಾನದ ಕವಿಯ ಲೆಕ್ಕಕ್ಕೆ ಜಮಾ ಆಗುತ್ತದೆ. ಆ ವಿದ್ಯಾರ್ಥಿಯ ಎಣಿಕೆಯಲ್ಲಿ ದೋಷವಿಲ್ಲ, ತರ್ಕದಲ್ಲಿಯೂ ದೋಷವಿಲ್ಲ. ನಿರ್ಣಯ ಮಾತ್ರ ಅಸತ್ಯ. ಪೋಪನಿಗೆ ಆದುದು ಇದೇ ಅಲ್ಲವೆ?

ಬಳಕೆ ತಪ್ಪಿದುದೆಂಬ ಸೂಚನೆಯ ವಿಷಯವೂ ಹೀಗೆಯೇ. ಒಂದು ಪದಕ್ಕೆ ಐದು ಅರ್ಥಗಳಿದ್ದು ಮೂರನೆಯದು ಮಾತ್ರ ಲುಪ್ತವಾಗಿದ್ದರೆ, ಚೌಕ ಕಂಸದ ಆ ಸೂಚನೆ ಮೂರನೆಯ ಅರ್ಥದ ಗುರುತುಗಳ ಒಳಗೆ ಇರಬೇಕು. ಮುಚ್ಚುವ ಗುರುತು ಒಂದು ಹೆಜ್ಜೆ ಮುಂಚೆ ಬಿದ್ದರೆ ಸೂಚನೆ ಹೊರಗುಳಿದು ಇಡೀ ಪದಕ್ಕೆ ಅಂಟಿಕೊಳ್ಳುತ್ತದೆ. ಜೀವಂತವಾದ ಪದ ಮೃತವೆಂದು ದಾಖಲಾಗುತ್ತದೆ.

ತೆರೆದ ಗುರುತಿಗೆ ಮುಚ್ಚುವ ಗುರುತು ಇದೆಯೇ, ಒಂದರೊಳಗೊಂದು ಸರಿಯಾಗಿ ಅಡಕವಾಗಿದೆಯೇ ಎಂಬುದನ್ನು ಯಂತ್ರವೇ ಪರೀಕ್ಷಿಸಬಲ್ಲದು. ಇಂತಹ ದೋಷಗಳು ಸಾವಿರಗಟ್ಟಲೆ ಇದ್ದರೂ ಭಯಪಡಬೇಕಾಗಿಲ್ಲ. ಅವು ಸಿಕ್ಕಿಬೀಳುವ ಕಳ್ಳರು. ಅಪಾಯಕಾರಿಯಾದುವು ಮೇಲೆ ಹೇಳಿದಂತಹ, ಸರಿಯಾಗಿ ತೆರೆದು ಸರಿಯಾಗಿ ಮುಚ್ಚಿಕೊಂಡು ಸುಳ್ಳು ಹೇಳುವ ಗುರುತುಗಳು. ಅವನ್ನು ಕಂಡುಹಿಡಿಯಲು ಇಂಗ್ಲಿಷ್ ಸಾಹಿತ್ಯದ ಪರಿಚಯ ಬೇಕು, ಕೋಶಕಾರರ ರೂಢಿಗಳ ತಿಳಿವಳಿಕೆ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಅಚ್ಚಾದ ಪುಟ ಕಣ್ಣಮುಂದಿರಬೇಕು.

ಗುರುತುಗಳಲ್ಲಿ ಕಾಲವನ್ನು ಸೂಚಿಸುವಂಥವೂ ಇವೆ. ಈ ಪಠ್ಯದಲ್ಲಿ ಪ್ರತಿಯೊಂದು ಖಂಡದ ಕೊನೆಯಲ್ಲಿ ಅದರ ಆಕರವನ್ನು ತಿಳಿಸುವ ಗುರುತೊಂದಿದೆ: ಇದು 1913ರ ವೆಬ್‌ಸ್ಟರಿನದು, ಇದು ಅದರ ಅನುಬಂಧದ್ದು, ಇದು ವರ್ಡ್‌ನೆಟ್‌ನದು, ಇದು ಕ್ಯಾಸಿಡಿಯವರು ಸೇರಿಸಿದುದು ಎಂದು. ಇದು ಅತ್ಯಂತ ಶ್ಲಾಘನೀಯವಾದ ಪದ್ಧತಿ. ಹಲವು ವಾಣಿಜ್ಯ ಪ್ರತಿಗಳಲ್ಲಿ ಈ ಗುರುತುಗಳನ್ನು ನಿರುಪಯುಕ್ತವೆಂದು ಕಿತ್ತುಹಾಕಿರುವುದನ್ನು ಕಂಡಾಗ ಶಾಸನದ ಕೊನೆಯ ಸಾಲನ್ನು ಉಜ್ಜಿಹಾಕಿದಂತೆ ನಮಗೆ ತೋರುತ್ತದೆ. ಆದರೆ 1913 ಎಂಬ ಅಂಕಿಯನ್ನು ವಿಚಾರಿಸದೆ ಒಪ್ಪುವುದೂ ಸಲ್ಲದು. ಆ ಗ್ರಂಥದ ಮುಖಪುಟದಲ್ಲಿ ನಿರ್ದೇಶಕರೆಂದು ಹೆಸರಿಸಿರುವ ನೋವಾ ಪೋರ್ಟರ್ 1892ರಲ್ಲಿಯೇ ಗತಿಸಿದ್ದರು. ಅದರ ಮೂಲ ಶರೀರ 1890ರ ಇಂಟರ್‌ನ್ಯಾಷನಲ್ ನಿಘಂಟಿನದು; ಅದರಲ್ಲಿಯೂ ಬಹುಭಾಗ 1864ರ ಆವೃತ್ತಿಯಿಂದ ಬಂದುದು. ಹೊಸಕಾಲದ ಪದಗಳು ಇರುವುದು ಅನುಬಂಧದಲ್ಲಿ. ಅಂದಮೇಲೆ ಮೂಲಶರೀರದ ಒಂದು ಅರ್ಥವಾಕ್ಯವನ್ನು ಮೊದಲನೆಯ ಮಹಾಯುದ್ಧದ ಮುನ್ನಿನ ವರ್ಷದ ಅಭಿಪ್ರಾಯವೆಂದು ಬಗೆದು ಪ್ರಮಾಣೀಕರಿಸುವುದು ಹೇಗೆ?

ಇದಕ್ಕೆ ನಮ್ಮ ನಾಡಿನ ಉದಾಹರಣೆಯೇ ಅಲ್ಲಿದೆ. ‘ಕೆನರೀಸ್’ ಎಂಬ ಪದದ ಕೆಳಗೆ ಕೆನರಾ ಎಂಬುದು ಬ್ರಿಟಿಷ್ ಇಂಡಿಯಾದ ಒಂದು ಜಿಲ್ಲೆಯೆಂಬ ವಿವರಣೆಯಿದೆ. ಆದರೆ ಕೆನರಾ ಜಿಲ್ಲೆ 1860ರ ಸುಮಾರಿಗೇ ಉತ್ತರ, ದಕ್ಷಿಣ ಎಂದು ಇಬ್ಭಾಗವಾಗಿ, 1862ರಲ್ಲಿ ಉತ್ತರಭಾಗ ಮುಂಬಯಿ ಪ್ರಾಂತ್ಯಕ್ಕೆ ಸೇರಿಹೋಗಿತ್ತು. 1913ರ ಗುರುತು ಹೊತ್ತ ಆ ವಾಕ್ಯ ಅದಕ್ಕಿಂತ ಅರ್ಧ ಶತಮಾನದ ಹಿಂದಿನ ಸ್ಥಿತಿಯನ್ನು ಹೇಳುತ್ತಿದೆ. ಕನ್ನಡವನ್ನಾಡುವ ಜನ ಆ ಜಿಲ್ಲೆಯ ಹೊರಗೆ ಎಷ್ಟು ವಿಸ್ತಾರವಾಗಿ ಹರಡಿದ್ದರೆಂಬುದಂತೂ ಸಂಪಾದಕರ ಗಮನಕ್ಕೇ ಬಂದಂತಿಲ್ಲ. ಆಕ್ಸ್‌ಫರ್ಡ್ ನಿಘಂಟೂ ಈ ಬಗೆಯ ಆಕ್ಷೇಪಣೆಗೆ ಹೊರತಲ್ಲ. 1989ರ ಆವೃತ್ತಿಯಲ್ಲಿ ಮರ್ರೆಯ ಕಾಲದ ಎಷ್ಟೋ ವಿವರಣೆಗಳು ಬದಲಾಗದೆ ಉಳಿದು, 1989ರ ಮುದ್ರೆ ಪಡೆದವು. ಈಗಿನ ಅಂತರಜಾಲದ ಆವೃತ್ತಿಯಲ್ಲಿ ಉಲ್ಲೇಖ ಮೊದಲು ಪ್ರಕಟವಾದ ವರ್ಷವನ್ನೂ ಅದು ಪರಿಷ್ಕೃತವಾಗಿದೆಯೇ ಎಂಬುದನ್ನೂ ತಿಳಿಸುವ ಏರ್ಪಾಡಾಗಿರುವುದು ಸಮಾಧಾನಕರ.

ಹೀಗಿರುವಲ್ಲಿ ‘ಕೆನರೀಸ್’ ಉಲ್ಲೇಖವನ್ನು ತಿದ್ದಬೇಕೇ? ಕೂಡದು. ತಿದ್ದುಪಡಿಯ ಇಡೀ ಶಾಸ್ತ್ರ ಈ ಪ್ರಶ್ನೆಯಲ್ಲಿ ಅಡಗಿದೆ. ಗಣಕಕ್ಕೆ ಇಳಿಸುವಾಗ ಸೇರಿದ ದೋಷ ಬೇರೆ, ಮೂಲಗ್ರಂಥದಲ್ಲಿಯೇ ಇದ್ದ ದೋಷ ಬೇರೆ. ಮೊದಲನೆಯದು ಸಾಕ್ಷಿಯನ್ನು ಮುಚ್ಚುವ ಧೂಳು; ಅದನ್ನು ಒರೆಸಬೇಕು. ಎರಡನೆಯದು ಸಾಕ್ಷಿಯ ಮಾತೇ. ಅದು ಸುಳ್ಳಾಗಿದ್ದರೂ ಯಾರು ಯಾವಾಗ ಯಾವ ಸುಳ್ಳನ್ನು ನಂಬಿದ್ದರೆಂಬುದಕ್ಕೆ ಪ್ರಮಾಣ. 1864ರ ವೆಬ್‌ಸ್ಟರನ್ನು ಗಣಕಕ್ಕೆ ಇಳಿಸುವವನು ‘ಫ್ಯಾಂಟಮ್‌ನೇಷನ್’ ಪದವನ್ನು ಅಳಿಸಿದರೆ ನಿಘಂಟು ಶುದ್ಧವಾಗುವುದಿಲ್ಲ, ಇತಿಹಾಸ ಅಶುದ್ಧವಾಗುತ್ತದೆ. ಅಂತಹ ಸ್ಥಳದಲ್ಲಿ ಪಠ್ಯವನ್ನು ಮುಟ್ಟದೆ, ಬೇರೆ ಗುರುತಿನೊಳಗೆ, ಸೇರಿಸಿದವರ ಹೆಸರಿನೊಡನೆ ಟಿಪ್ಪಣಿಯನ್ನು ಕೊಡುವುದೇ ಸರಿಯಾದ ಕ್ರಮ.

ಕನ್ನಡದ ವಿದ್ವಾಂಸರಿಗೆ ಇದು ಹೊಸ ಮಾತಲ್ಲ. ಹಳಗನ್ನಡ ಕಾವ್ಯಗಳ ಓಲೆಗರಿಗಳಲ್ಲಿ ಪದಗಳ ನಡುವೆ ತೆರವಿಲ್ಲ. ಎಲ್ಲಿ ಬಿಡಿಸಬೇಕು, ಎಲ್ಲಿ ಕೂಡಿಸಬೇಕು ಎಂಬುದನ್ನು ಸಂಪಾದಕನೇ ನಿರ್ಧರಿಸಬೇಕಾಗಿತ್ತು. ತಪ್ಪಾಗಿ ಬಿಡಿಸಿದ ಕಡೆ ಇಲ್ಲದ ಪದ ಹುಟ್ಟುತ್ತಿತ್ತು, ಇದ್ದ ಪದ ಕಾಣೆಯಾಗುತ್ತಿತ್ತು. ಮೂಲಪಾಠವನ್ನು ಮೇಲೆ ಉಳಿಸಿ ಪಾಠಾಂತರಗಳನ್ನು ಅಡಿಯಲ್ಲಿ ಕೊಡುವ ಶಿಸ್ತು, ಎರಡು ಪಾಠಗಳಲ್ಲಿ ಕ್ಲಿಷ್ಟವಾದುದೇ ಬಹುಶಃ ಪ್ರಾಚೀನವೆಂಬ ಎಚ್ಚರ, ತನಗೆ ಅರ್ಥವಾಗದುದನ್ನು ತಪ್ಪೆಂದು ಎಣಿಸಬಾರದೆಂಬ ವಿನಯ ಇವೆಲ್ಲವನ್ನೂ ನಮ್ಮ ಗ್ರಂಥಸಂಪಾದಕರು ದೀರ್ಘಾನುಭವದಿಂದ ಗಳಿಸಿದರು. ತಿಳಿಯದೆ ತಪ್ಪು ಬರೆದ ಲಿಪಿಕಾರನಿಗಿಂತ, ತಿಳಿದೆನೆಂದು ತಿದ್ದಿದ ಲಿಪಿಕಾರನಿಂದ ಕಾವ್ಯಕ್ಕೆ ಹೆಚ್ಚು ಹಾನಿಯಾಗಿದೆಯೆಂಬುದು ಅವರು ಕಂಡುಕೊಂಡ ಸತ್ಯ. ಗುರುತುಗಳನ್ನು ತಿದ್ದುವ ಕಾರ್ಯಕ್ಕೆ ಬೇಕಾದುದು ಇದೇ ಶಿಸ್ತು. ಗಣಕದಲ್ಲಿ ಪ್ರತಿಯೊಂದು ಬದಲಾವಣೆಯನ್ನೂ ಯಾರು, ಯಾವ ದಿನ, ಏನಿದ್ದುದನ್ನು ಏನಾಗಿ ಮಾಡಿದರೆಂದು ದಾಖಲಿಸುವ ವ್ಯವಸ್ಥೆಗಳು ಈಗ ಸುಲಭವಾಗಿ ಲಭ್ಯವಿವೆ. ಓಲೆಗರಿಯ ಕಾಲಕ್ಕೆ ಇಲ್ಲದ ಭಾಗ್ಯ ಇದು. ಹಾಗಿದ್ದೂ ದಾಖಲೆಯಿಲ್ಲದೆ ತಿದ್ದಿದ ಪ್ರತಿಗಳು ಲೆಕ್ಕವಿಲ್ಲದಷ್ಟು ಹರಡಿವೆ. ಒಂದು ಪ್ರತಿಯಿಂದ ಮತ್ತೊಂದು, ಅದರಿಂದ ಇನ್ನೊಂದು ಎಂದು ವಂಶವೃಕ್ಷವೇ ಬೆಳೆದಿದೆ. ಯಾವುದು ಯಾವುದರ ಮಗುವೆಂದು ಹೇಳುವುದು ಕಷ್ಟ. ಹಸ್ತಪ್ರತಿಗಳ ಪೀಳಿಗೆಯನ್ನು ಸಮಾನ ದೋಷಗಳ ಮೂಲಕ ಗುರುತಿಸುವಂತೆ, ಈ ಗಣಕಪ್ರತಿಗಳ ಪೀಳಿಗೆಯನ್ನೂ ಸಮಾನವಾದ ಗುರುತಿನ ದೋಷಗಳಿಂದ ನಿರ್ಣಯಿಸಬಹುದೆಂದು ನಮಗೆ ತೋರುತ್ತದೆ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇದು ತಕ್ಕ ಅಭ್ಯಾಸವಸ್ತು.

ಕೊನೆಯದಾಗಿ ಪ್ರಶ್ನಾರ್ಥಕ ಚಿಹ್ನೆಯ ವಿಷಯವನ್ನು ಹೇಳಬೇಕು. ವೆಬ್‌ಸ್ಟರ್ ಪಠ್ಯವನ್ನು ಗಣಕಕ್ಕೆ ಇಳಿಸಿದಾಗ ಗ್ರೀಕ್ ಲಿಪಿಯ ಪದಗಳನ್ನೂ ಉಚ್ಚಾರಣೆಯ ವಿಶೇಷ ಚಿಹ್ನೆಗಳನ್ನೂ ಎಲ್ಲೆಡೆಯೂ ಒತ್ತಲಾಗಲಿಲ್ಲ. ಅವುಗಳ ಸ್ಥಾನದಲ್ಲಿ ಒಂದೊಂದು ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು ಮುಂದುವರಿಯಲಾಯಿತು. ಮಣಿಗಳಿಂದ ಲೆಕ್ಕ ಮಾಡುವ ಚೌಕಟ್ಟಾದ ‘ಅಬ್ಯಾಕಸ್’ ಎಂಬ ಪದದ ವ್ಯುತ್ಪತ್ತಿಯನ್ನು ಬಹುವಾಗಿ ಹರಡಿರುವ ಪ್ರತಿಗಳಲ್ಲಿ ನೋಡಿದರೆ ಲ್ಯಾಟಿನ್ ರೂಪಗಳ ತರುವಾಯ ಗ್ರೀಕ್ ಎಂದು ಹೇಳಿ ಪ್ರಶ್ನಾರ್ಥಕ ಚಿಹ್ನೆಯಿಟ್ಟಿದೆ. ಕೋಶಕಾರರು ತಮ್ಮ ಸಂದೇಹವನ್ನು ಸೂಚಿಸಲು ಇದೇ ಚಿಹ್ನೆಯನ್ನು ಬಳಸುವ ರೂಢಿಯುಂಟು. ಆದ್ದರಿಂದ ಈ ಪದದ ಗ್ರೀಕ್ ಮೂಲ ಸಂದಿಗ್ಧವೆಂದು ವೆಬ್‌ಸ್ಟರ್ ಸಂಪಾದಕರು ಭಾವಿಸಿದ್ದರೆಂದು ಓದುಗನು ತಿಳಿದರೆ ಅವನನ್ನು ದೂರುವಂತಿಲ್ಲ. ಬೆರಳಚ್ಚಿನ ಅಶಕ್ತಿ ಇಲ್ಲಿ ಪಂಡಿತರ ಸಂದೇಹದ ವೇಷ ಧರಿಸಿದೆ. ಕಡತದ ಪರಿಷ್ಕೃತ ಪ್ರತಿಗಳಲ್ಲಿ ಇಂತಹ ಸ್ಥಳಗಳಿಗೆ ಪ್ರತ್ಯೇಕ ಗುರುತನ್ನು ಕೊಟ್ಟು, ಸ್ವಯಂಸೇವಕರು ಒಂದೊಂದಾಗಿ ಗ್ರೀಕ್ ಪದಗಳನ್ನು ತುಂಬುತ್ತ ಬಂದಿದ್ದಾರೆ. ಆ ಖಾಲಿ ಜಾಗವನ್ನು ತುಂಬುವವನು ಗ್ರೀಕ್ ಬಲ್ಲವನಾದರೆ ತನ್ನ ನೆನಪಿನಿಂದಲೇ ಶುದ್ಧವಾದ ಪದವನ್ನು ಬರೆದುಬಿಡುವ ಆಸೆಯಾಗುವುದು ಸಹಜ. ಅವನು ಹಾಗೆ ಮಾಡದೆ ಅಚ್ಚಾದ ಪುಟದ ಛಾಯಾಪ್ರತಿಯನ್ನು ತೆರೆದು, ವೆಬ್‌ಸ್ಟರ್ ಸಂಪಾದಕರು ಯಾವ ಪದವನ್ನು ಕೊಟ್ಟಿದ್ದಾರೋ, ಸ್ವರಚಿಹ್ನೆ ತಪ್ಪಿದ್ದರೂ ಕೂಡ, ಅದನ್ನೇ ಅಲ್ಲಿಡಬೇಕು. ಪುಟ ಸವೆದು ಅಕ್ಷರ ಓದಲಾಗದಿದ್ದರೆ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಗೆಯೇ ಬಿಟ್ಟು, ಅದು ತನ್ನದೆಂದೂ ವೆಬ್‌ಸ್ಟರಿನದಲ್ಲವೆಂದೂ ಗುರುತಿನಲ್ಲಿ ಬರೆದಿಡಬೇಕು.